ಹಡಗಿನಲ್ಲೊಂದು ಹಿತ್ತಿಲು

ತಗಡೂರಿನ ಕಡೆಯ ನಮಗೆ ನೀರೆಂದರೆ ಹೊಳೆ, ಕಾಲುವೆ ಮತ್ತು ಕೆರೆ. ಕಪಿಲೆ ನಂಜನಗೂಡನ್ನು ದಾಟಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಆ ನೀರು ಎಲ್ಲಿಗೆ ಹೋಗುತ್ತದೆಂದು ಶಾಲೆಯಲ್ಲಿ ಓದಿದ್ದೇವೆಯೇ ಹೊರತು ನೋಡಿದವರು ಕಡಿಮೆ. ಮೈಸೂರಿನಿಂದ ಮಂಗಳೂರಿನ ಕಡಲಿಗೇ ಸುಮಾರು 250 ಕಿಲೋಮೀಟರ್. ತಲಕಾಡಿನ ಹೊಳೆಯಲ್ಲಿ ಹರಿಗೋಲು ಹತ್ತಿದ್ದೇ ನಮ್ಮಲ್ಲಿ ಅನೇಕ ಹೆಂಗಸರ ಪಾಲಿಗೆ ಜಲಯಾನ. ತಗಡೂರು ರಾಮಚಂದ್ರರಾಯರ ಮತ್ತು ಖಾದಿಯ ಹೆಸರಿನಿಂದ ಹೊರಗಿನವರಿಗೆ ಪರಿಚಯವಾದ ಊರಿದು; ಹಡಗಿನ ಮಾತು ಇಲ್ಲಿ ಹಿಂದೆ ಕೇಳಿಬರುತ್ತಿದ್ದುದು ಯಾರಾದರೂ ಹಜ್ಜ್‌ಗೆ ಹೊರಟಾಗ ಮಾತ್ರ.

ಈಗ ಕಾಲ ಬದಲಾಗಿದೆ. ಇಂತಹ ಊರುಗಳ ಹೆಣ್ಣುಮಕ್ಕಳು ಮದುವೆಯಾಗಿ ದುಬೈ, ಶಾರ್ಜಾ, ದಮ್ಮಾಮ್ ಸೇರಿದ್ದಾರೆ. ಮುಂಬೈಯಿಂದಲೇ ವಿಹಾರದ ಹಡಗುಗಳು ಹೊರಡುತ್ತಿವೆ. "ಅಮ್ಮಿಗೆ ಒಮ್ಮೆ ಹಡಗು ತೋರಿಸೋಣ" ಎಂದು ಅಳಿಯಂದಿರು ಫೋನಿನಲ್ಲಿ ಹೇಳುವುದು ಅಪರೂಪವಲ್ಲ. ಹಾಗೆ ಹೇಳಿದ ಮರುಗಳಿಗೆಯಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ಯಾವ ಕೋಣೆ ತೆಗೆದುಕೊಳ್ಳುವುದು? ಕಿಟಕಿಯಿಲ್ಲದ್ದೇ, ಬಾಲ್ಕನಿ ಇರುವುದೇ, ಅಥವಾ 'ಸೂಟ್' ಎಂದು ಕರೆಯುವ ದೊಡ್ಡ ಕೋಣೆಯೇ? ಇದು ಬರೀ ಶೋಕಿಯ ಪ್ರಶ್ನೆಯಲ್ಲ. ಒಂದು ಕುಟುಂಬದ ವರ್ಷಗಳ ಉಳಿತಾಯ, ಮನೆಯ ಹಿರಿಯರ ಆರೋಗ್ಯ, ಹೆಣ್ಣುಮಕ್ಕಳ ನೆಮ್ಮದಿ ಎಲ್ಲವೂ ಇದರಲ್ಲಿ ಸೇರಿಕೊಂಡಿವೆ.

ತೇಲುವ ಊರಿನ ಮನೆಗಳು

ವಿಹಾರದ ಹಡಗೆಂದರೆ ಒಂದು ತೇಲುವ ಊರು. ಹತ್ತು ಹದಿನೈದು ಅಂತಸ್ತು, ಸಾವಿರಾರು ಜನ, ಊಟದ ಹಾಲ್‌ಗಳು, ಅಂಗಡಿಗಳು, ಈಜುಕೊಳ, ಆಸ್ಪತ್ರೆ. ಅದರಲ್ಲಿ ನಾಲ್ಕು ಬಗೆಯ ಮನೆಗಳಿರುತ್ತವೆ. ಮೊದಲನೆಯದು ಒಳಗಿನ ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ. ದೀಪ ಆರಿಸಿದರೆ ಹಗಲೋ ಇರುಳೋ ತಿಳಿಯದು. ಎರಡನೆಯದಕ್ಕೆ ಗಾಜಿನ ಕಿಟಕಿ ಇರುತ್ತದೆ, ಆದರೆ ಅದನ್ನು ತೆರೆಯಲಾಗದು. ಮೂರನೆಯದು ಬಾಲ್ಕನಿಯ ಕೋಣೆ. ನಾಲ್ಕನೆಯದು ಸೂಟ್. ಮೊದಲ ಮೂರು ಕೋಣೆಗಳ ಒಳಜಾಗ ಸಾಮಾನ್ಯವಾಗಿ 150ರಿಂದ 200 ಚದರ ಅಡಿಯ ಆಸುಪಾಸಿನಲ್ಲಿರುತ್ತದೆ. ಬಾಲ್ಕನಿ ಎಂದರೆ ಎರಡು ಕುರ್ಚಿ, ಒಂದು ಪುಟ್ಟ ಮೇಜು ಹಿಡಿಸುವಷ್ಟು ಜಾಗ. ಸೂಟ್‌ನಲ್ಲಿ ಮಲಗುವ ಜಾಗ, ಕುಳಿತುಕೊಳ್ಳುವ ಜಾಗ ಬೇರೆಬೇರೆಯಾಗಿರುತ್ತವೆ, ಬಚ್ಚಲು ದೊಡ್ಡದು, ಜೊತೆಗೆ ಸವಲತ್ತುಗಳ ಒಂದು ಪಟ್ಟಿ.

ಬಾಲ್ಕನಿ ಎಂಬುದು ಹಡಗುಗಳಿಗೆ ಬಹಳ ಹಿಂದಿನಿಂದ ಬಂದ ವಸ್ತುವಲ್ಲ. 1984ರಲ್ಲಿ ಸಂಚಾರ ಆರಂಭಿಸಿದ 'ರಾಯಲ್ ಪ್ರಿನ್ಸೆಸ್' ಎಂಬ ಹಡಗಿನಲ್ಲಿ ಪ್ರಯಾಣಿಕರ ಕೋಣೆಗಳೆಲ್ಲವೂ ಹೊರಬದಿಗೆ ಇದ್ದವು, ಅನೇಕ ಕೋಣೆಗಳಿಗೆ ಬಾಲ್ಕನಿಯೂ ಇತ್ತು. ಆಗ ಅದೊಂದು ದೊಡ್ಡ ಸುದ್ದಿ. ಮುಂದೆ ಕಟ್ಟಿದ ಹಡಗುಗಳಲ್ಲಿ ಬಾಲ್ಕನಿಗಳು ಸಾಲುಸಾಲಾಗಿ ಬಂದವು. ಮುಂಬೈಯಿಂದ 2021ರ ಸೆಪ್ಟೆಂಬರ್‌ನಲ್ಲಿ ಯಾನ ಆರಂಭಿಸಿದ ಕಾರ್ಡೇಲಿಯಾದ 'ಎಂಪ್ರೆಸ್' 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ನೀರಿಗಿಳಿದ ಹಡಗು. ಅಂತಹ ಹಳೆಯ ವಿನ್ಯಾಸದ ಹಡಗುಗಳಲ್ಲಿ ಬಾಲ್ಕನಿಗಳು ಕೆಲವೇ. ಕೊಲ್ಲಿಯ ಬಂದರುಗಳಿಂದ ಹೊರಡುವ ಹೊಸ, ಭಾರೀ ಹಡಗುಗಳಲ್ಲಿ ಅವು ನೂರಾರು. ಆದ್ದರಿಂದ ಹಡಗು ಯಾವುದು, ಯಾವಾಗ ಕಟ್ಟಿದ್ದು ಎಂದು ಮೊದಲು ವಿಚಾರಿಸಬೇಕು.

ಮಹಡಿಯಲ್ಲಿ ಹಾಸಿದ ಚಾಪೆ

ನಮ್ಮ ಹಿರಿಯರಿಗೆ ಈ ಆಯ್ಕೆಗಳೇ ಇರಲಿಲ್ಲ. ನಮ್ಮ ರಾಜ್ಯದ ಹಜ್ಜ್ ಯಾತ್ರಿಕರು ರೈಲಿನಲ್ಲಿ ಮುಂಬೈ ತಲುಪಿ, ಅಲ್ಲಿಂದ ಮೊಗಲ್ ಲೈನ್‌ನ ಹಡಗು ಹತ್ತಿ ಜಿದ್ದಾಕ್ಕೆ ಹೋಗುತ್ತಿದ್ದರು. ಹಣವುಳ್ಳವರಿಗೆ ಮೊದಲ ದರ್ಜೆಯ ಕೋಣೆ. ಉಳಿದವರು ಡೆಕ್ ದರ್ಜೆಯವರು. ಪೆಟ್ಟಿಗೆ, ಹಾಸಿಗೆಯ ಸುರುಳಿ, ಬುತ್ತಿಯ ಡಬ್ಬಿಗಳ ನಡುವೆ ಹೆಂಗಸರು ಸೀರೆಯನ್ನೋ ಚಾದರವನ್ನೋ ಅಡ್ಡ ಕಟ್ಟಿ ತಮ್ಮದೊಂದು ಮರೆಯನ್ನು ಮಾಡಿಕೊಳ್ಳುತ್ತಿದ್ದರು. 'ಅಕ್ಬರ್' ಹಡಗಿನ ಹೆಸರು ಹಳೆಯ ಹಾಜಿಗಳ ಬಾಯಲ್ಲಿ ಬಹಳ ಕಾಲ ಉಳಿದಿತ್ತು. 1995ರಲ್ಲಿ ಹಜ್ಜ್‌ನ ಸಮುದ್ರಯಾನ ನಿಂತುಹೋಯಿತು. ಅಂದಿನಿಂದ ಎಲ್ಲರೂ ವಿಮಾನದಲ್ಲೇ ಹೋಗುತ್ತಿದ್ದಾರೆ.

ನನ್ನ ನಾನಿ ಆ ಹಡಗಿನ ಕತೆ ಹೇಳುವಾಗ ಎರಡು ವಿಷಯಗಳನ್ನು ಮರೆಯುತ್ತಿರಲಿಲ್ಲ. ಒಂದು, ಕೆಳಗಿನ ಸೆಕೆ. ಇನ್ನೊಂದು, ಸಂಜೆ ಮೇಲಿನ ಡೆಕ್‌ಗೆ ಬಂದಾಗ ಮುಖಕ್ಕೆ ಬಡಿದ ಗಾಳಿ. "ಆ ಗಾಳಿ ಸಿಕ್ಕಿದ ಮೇಲೆ ಎರಡು ದಿನದ ತಲೆಸುತ್ತು ಇಳಿದುಹೋಯಿತು" ಎನ್ನುತ್ತಿದ್ದರು. ಹಡಗಿನಲ್ಲಿ ಕೋಣೆಗೆ ಹಣ ಕೊಡುವುದೆಂದರೆ ನಿಜವಾಗಿ ಯಾವುದಕ್ಕೆ ಕೊಡುವುದು ಎಂಬುದನ್ನು ನಾನಿಯ ಆ ಒಂದು ಮಾತು ತಿಳಿಸುತ್ತದೆ: ಮರೆಗೆ ಮತ್ತು ಗಾಳಿಗೆ. ಮೆತ್ತನೆಯ ಹಾಸಿಗೆಯೆಲ್ಲ ಆಮೇಲಿನದು.

ನಮ್ಮ ಮನೆಯ ಲೆಕ್ಕ

2024ರ ಜನವರಿಯಲ್ಲಿ ನಾವು ಏಳು ರಾತ್ರಿಗಳ ಯಾನಕ್ಕೆ ದುಬೈಯಿಂದ ಹಡಗು ಹತ್ತಿದೆವು. ಅಬುಧಾಬಿ, ಸರ್ ಬನಿ ಯಾಸ್ ದ್ವೀಪ, ದೋಹಾ ನೋಡಿ ದುಬೈಗೇ ಮರಳುವ ಯಾನ. ಮಗಳು-ಅಳಿಯ, ಅವರ ಇಬ್ಬರು ಮಕ್ಕಳು, ನಾನು, ನಮ್ಮ ಯಜಮಾನರು ಮತ್ತು ಅಮ್ಮಿ. ಅಮ್ಮಿಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ನೋವು.

ಅಮ್ಮಿಗಾಗಿ ಸೂಟ್ ತೆಗೆದುಕೊಳ್ಳೋಣವೆಂದು ಅಳಿಯನ ಆಸೆ. ಮಗಳು ಸವಲತ್ತುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಓದಿದಳು. ಮದ್ಯವೂ ಸೇರಿದ ಪಾನೀಯಗಳು, ನಮಗೆ ಬೇಡ. ಸಂಗೀತವಿರುವ ಪ್ರತ್ಯೇಕ ಲೌಂಜ್, ಅಮ್ಮಿ ಕಾಲಿಡುವುದಿಲ್ಲ. ಸ್ಪಾದ ಬಿಸಿನೀರಿನ ಕೊಳ, ಗಂಡಸರು ಹೆಂಗಸರು ಒಟ್ಟಿಗೆ, ಅದೂ ಬೇಡ. ಹಡಗು ಹತ್ತುವಾಗ ಸಾಲಿನಲ್ಲಿ ನಿಲ್ಲಬೇಕಿಲ್ಲ, ಇದು ಬೇಕು. ಆದರೆ ನಡೆಯಲು ಕಷ್ಟವಿರುವವರಿಗೆ ಮುಂಚಿತವಾಗಿ ತಿಳಿಸಿದರೆ ಗಾಲಿಕುರ್ಚಿಯ ಸಹಾಯ ಹೇಗೂ ಸಿಗುತ್ತದೆ, ಅದಕ್ಕೆ ಸೂಟ್ ಬೇಕಿಲ್ಲ. ಕೊನೆಗೆ ಉಳಿದದ್ದು ದೊಡ್ಡ ಕೋಣೆ ಮತ್ತು ದೊಡ್ಡ ಬಾಲ್ಕನಿ.

ಅಮ್ಮಿ ಎಲ್ಲವನ್ನೂ ಕೇಳಿಸಿಕೊಂಡು, "ನನಗೆ ಕೂತ್ಕೊಳ್ಳೋಕೆ ಒಂದು ಹಿತ್ತಿಲಿದ್ದರೆ ಸಾಕು ಬೇಟಾ, ಅರಮನೆ ಯಾಕೆ?" ಎಂದರು. ಹಿತ್ತಿಲೆಂದರೆ ಏನೆಂದು ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಮುಂದಿನ ಜಗಲಿ ಗಂಡಸರದು, ಬಂದುಹೋಗುವವರದು. ಅಸರ್ ನಮಾಝ್ ಮುಗಿಸಿ ಅವರೆಕಾಯಿ ಸುಲಿಯುತ್ತಾ, ಕೂದಲು ಒಣಗಿಸುತ್ತಾ, ಅತ್ತಿಗೆ-ನಾದಿನಿಯರು ನಗುತ್ತಾ ಕೂರುವ ಜಾಗ ಹಿತ್ತಿಲು. ಆಕಾಶ ಕಾಣುತ್ತದೆ, ಗಾಳಿ ಬರುತ್ತದೆ, ಪರರ ಕಣ್ಣು ಬೀಳುವುದಿಲ್ಲ. ಹಡಗಿನ ಬಾಲ್ಕನಿ ನಮ್ಮ ಪಾಲಿಗೆ ಅದೇ.

ಕೊನೆಗೆ ಒಂದು ಸೂಟ್ ಮತ್ತು ಇನ್ನೊಂದು ಕೋಣೆಯ ಬದಲು ಅಕ್ಕಪಕ್ಕದ ಎರಡು ಬಾಲ್ಕನಿ ಕೋಣೆಗಳನ್ನು ತೆಗೆದುಕೊಂಡೆವು. ನಮ್ಮ ಯಜಮಾನರಿಗೆ ಹತ್ತಿರದಲ್ಲೇ ಒಂದು ಸಣ್ಣ ಒಳಕೋಣೆ. ಮೊದಲ ದಿನವೇ ಕೋಣೆಯ ಕೆಲಸದವರಿಗೆ ಹೇಳಿದ್ದರಿಂದ ಎರಡು ಬಾಲ್ಕನಿಗಳ ನಡುವಿನ ಅಡ್ಡಗೋಡೆಯನ್ನು ಕೀಲಿ ತೆಗೆದು ಸರಿಸಿಕೊಟ್ಟರು. ನಾಲ್ಕು ಕುರ್ಚಿಗಳ, ಎರಡು ಮೇಜುಗಳ ಉದ್ದನೆಯ ಹಿತ್ತಿಲು ನಮ್ಮದಾಯಿತು. ಅನೇಕ ಹಡಗುಗಳಲ್ಲಿ ಈ ಅನುಕೂಲ ಉಂಟು, ಆದರೆ ಎಲ್ಲ ಕೋಣೆಗಳಿಗೂ ಅಲ್ಲ. ಕೋಣೆ ಕಾಯ್ದಿರಿಸುವಾಗಲೇ "ನಡುವಿನ ಅಡ್ಡಗೋಡೆ ತೆರೆಯಬಹುದಾದ ಕೋಣೆಗಳನ್ನೇ ಕೊಡಿ" ಎಂದು ಕೇಳಬೇಕು. ಎರಡೂ ಕೋಣೆಗಳ ನಂಬರ್ ಕಾಯ್ದಿರಿಸುವಾಗಲೇ ಗೊತ್ತಿರಬೇಕು. ಹಡಗಿನವರೇ ಕೊನೆಯಲ್ಲಿ ಕೋಣೆ ಹಂಚುವ ಅಗ್ಗದ ಯೋಜನೆಗಳಲ್ಲಿ ಅಜ್ಜಿ ಒಂದು ಮಹಡಿ, ಮೊಮ್ಮಕ್ಕಳು ಇನ್ನೊಂದು ಮಹಡಿ ಆಗಬಹುದು.

ಬಾಲ್ಕನಿಯನ್ನು ಆರಿಸುವಾಗ

ಎಲ್ಲ ಬಾಲ್ಕನಿಗಳೂ ಒಂದೇ ಅಲ್ಲ. ಹಡಗಿನ ನಕ್ಷೆಯನ್ನು ಮುಂದಿಟ್ಟುಕೊಂಡು ಈ ಕೆಲವು ಸಂಗತಿಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ಹಡಗು ಓಲಾಡುವಾಗ ಮುಂತುದಿ ಮತ್ತು ಹಿಂತುದಿ ಹೆಚ್ಚು ಏಳುಬೀಳುತ್ತವೆ, ನಡುಭಾಗ ಕಡಿಮೆ. ಮೇಲಿನ ಅಂತಸ್ತು ಹೆಚ್ಚು ತೂಗುತ್ತದೆ, ಕೆಳಗಿನದು ಕಡಿಮೆ. ತೊಟ್ಟಿಲು ಕಂಡ ನಮಗೆ ಇದು ಅರ್ಥವಾಗದ ವಿಷಯವಲ್ಲ. ತಲೆಸುತ್ತು, ವಾಂತಿಯ ಭಯವಿರುವವರು ನಡುಭಾಗದ, ಆದಷ್ಟು ಕೆಳಗಿನ ಅಂತಸ್ತಿನ ಬಾಲ್ಕನಿ ಹಿಡಿಯಬೇಕು. ಲಿಫ್ಟ್ ಹತ್ತಿರವಿದ್ದರೆ ಹಿರಿಯರಿಗೆ ಸುಲಭ. ಆದರೆ ಲಿಫ್ಟ್‌ಗೆ ಅಂಟಿಕೊಂಡೇ ಇದ್ದರೆ ಸದ್ದು. ನಾಲ್ಕೈದು ಬಾಗಿಲು ಆಚೆ ಇದ್ದರೆ ಸರಿ. ಮೇಲೆ ಕೆಳಗೆ ಎರಡೂ ಕಡೆ ಮಲಗುವ ಕೋಣೆಗಳೇ ಇರುವ ಅಂತಸ್ತಾದರೆ ಇನ್ನೂ ಉತ್ತಮ. ಈಜುಕೊಳದ ಕೆಳಗಿನ ಕೋಣೆಯಲ್ಲಿ ನಸುಕಿಗೇ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತದೆ.

ಕೆಲವು ಬಾಲ್ಕನಿಗಳ ಎದುರು ಜೀವರಕ್ಷಕ ದೋಣಿಗಳು ತೂಗುತ್ತಿರುತ್ತವೆ. ಅವು ಅಗ್ಗ. ಕಡಲು ಪೂರ್ತಿ ಕಾಣದಿದ್ದರೂ ಗಾಳಿ ಬರುತ್ತದೆ. ಗಾಳಿಯಷ್ಟೇ ಸಾಕೆನ್ನುವವರಿಗೆ ಅದು ಲಾಭದ ವ್ಯಾಪಾರ. ಹಿಂಬದಿಯ ಬಾಲ್ಕನಿಗಳು ದೊಡ್ಡವು, ಆದರೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಹಡಗುಗಳಲ್ಲಿ ಮೇಲಿನ ಅಂತಸ್ತಿನವರಿಗೆ ಕೆಳಗಿನ ಬಾಲ್ಕನಿ ಕಾಣುತ್ತದೆ. ಮರೆ ಬೇಕೆನ್ನುವವರು, ಮೇಲಿನ ಬಾಲ್ಕನಿಯೇ ಸೂರಾಗಿರುವಂತಹದ್ದನ್ನು ಆರಿಸಬೇಕು. ಕಂಬಿಯ ಕೆಳಗೆ ಗಾಜು ಇದೆಯೋ ಉಕ್ಕಿನ ತಗಡು ಇದೆಯೋ ಎಂಬುದನ್ನೂ ಕೇಳಿ. ಗಾಜಾದರೆ ಕುಳಿತಲ್ಲಿಂದಲೇ ಕಡಲು ಕಾಣುತ್ತದೆ. ತಗಡಾದರೆ ಮರೆ ಹೆಚ್ಚು.

ಬಲಬದಿಯೋ ಎಡಬದಿಯೋ ಎಂಬುದೂ ಮುಖ್ಯ. ಮುಂಬೈಯಿಂದ ದಕ್ಷಿಣಕ್ಕೆ ಹೊರಡುವ ಹಡಗಿನಲ್ಲಿ ಮುಂದಕ್ಕೆ ಮುಖಮಾಡಿ ನಿಂತರೆ ಕರಾವಳಿ ಎಡಕ್ಕೆ, ಸೂರ್ಯಾಸ್ತ ಬಲಕ್ಕೆ. ಮರಳುವಾಗ ಇದು ತಿರುವುಮುರುವಾಗುತ್ತದೆ. ಸಂಜೆಯ ಬಿಸಿಲು ಬೇಕೋ, ಬೆಳಗಿನದೋ, ನೆರಳೇ ಬೇಕೋ ಎಂದು ಯೋಚಿಸಿ ಆರಿಸಿಕೊಳ್ಳಬಹುದು.

ಗಾಳಿ, ಮರೆ, ನಮಾಝ್

ಬಾಲ್ಕನಿಗೆ ಹಣ ಕೊಟ್ಟು ಅದರ ಬಾಗಿಲನ್ನೇ ತೆರೆಯದೆ ಮೂರು ಹೊತ್ತೂ ಮೇಲಿನ ಅಂತಸ್ತಿನ ಗದ್ದಲದಲ್ಲಿ ಕಳೆಯುವವರಿದ್ದಾರೆ. ಅಂತಹವರಿಗೆ ಒಳಕೋಣೆಯೇ ಸಾಕು. ಬಾಲ್ಕನಿಯ ಬೆಲೆ ಸಿಗುವುದು ಅದನ್ನು ದಿನಕ್ಕೆ ನಾಲ್ಕೈದು ಗಂಟೆ ಬಳಸಿದಾಗ.

ನಾವು ಫಜ್ರ್ ನಂತರ ಅಲ್ಲಿ ಕೂರುತ್ತಿದ್ದೆವು. ಬಹಳಷ್ಟು ಹಡಗುಗಳಲ್ಲಿ ಚಹಾ, ಬ್ರೆಡ್, ಹಣ್ಣಿನ ಸರಳ ಉಪಾಹಾರವನ್ನು ಕೋಣೆಗೇ ತಂದುಕೊಡುತ್ತಾರೆ. ಹಿಂದಿನ ರಾತ್ರಿ ಬಾಗಿಲಿಗೆ ಚೀಟಿ ತೂಗುಹಾಕಿದರಾಯಿತು. ಕೆಲವೆಡೆ ಇದಕ್ಕೆ ಹಣವಿಲ್ಲ, ಕೆಲವೆಡೆ ಸಣ್ಣ ಶುಲ್ಕ. ಅಮ್ಮಿಗೆ ಬೆಳಿಗ್ಗೆಯೇ ಲಿಫ್ಟ್, ಸಾಲು, ತಟ್ಟೆ ಹಿಡಿದು ನಡೆಯುವ ಕಷ್ಟ ತಪ್ಪಿತು. ಸೆರಗು ಸರಿಪಡಿಸಿಕೊಳ್ಳುವ ಆತುರವಿಲ್ಲದೆ ಅವರು ಚಹಾದಲ್ಲಿ ರಸ್ಕ್ ಅದ್ದಿ ತಿನ್ನುತ್ತಾ ನೀರನ್ನು ನೋಡುತ್ತಿದ್ದರು. "ಇಷ್ಟು ನೀರು, ಒಂದು ಬಿಂದಿಗೆ ಕುಡಿಯೋಕಾಗಲ್ಲ ನೋಡು" ಎಂದು ಮೊಮ್ಮಗಳಿಗೆ ಹೇಳುತ್ತಿದ್ದರು.

ಆದರೆ ಬಾಲ್ಕನಿ ಪೂರ್ತಿ ಮರೆಯ ಜಾಗವೆಂದು ಭಾವಿಸಬಾರದು. ಪಕ್ಕದವರು ಬಗ್ಗಿದರೆ ಕಾಣುತ್ತದೆ. ಬಂದರಿನಲ್ಲಿ ಎದುರು ಇನ್ನೊಂದು ಹಡಗು ನಿಂತರೆ ಆ ಹಡಗಿನವರಿಗೆ ಕಾಣುತ್ತದೆ. ದುಪಟ್ಟಾ ಕೈಗೆಟುಕುವಲ್ಲಿರಲಿ. ನಡುಗಡಲಿನಲ್ಲಿ ಮಾತ್ರ ನೀರು, ಆಕಾಶ ಬಿಟ್ಟರೆ ಯಾರೂ ಇಲ್ಲ.

ನಮಾಝ್‌ನ ವಿಷಯದಲ್ಲೂ ಬಾಲ್ಕನಿಯ ಸಹಾಯವಿದೆ. ಉಕ್ಕಿನ ಹಡಗಿನೊಳಗೆ ಮೊಬೈಲಿನ ದಿಕ್ಸೂಚಿ ತಪ್ಪು ತೋರಿಸುವುದುಂಟು. ಹಡಗು ತಿರುಗಿದಂತೆ ಕೋಣೆಯ ಗೋಡೆಯೂ ತಿರುಗುತ್ತದೆ. ಬೆಳಿಗ್ಗೆ ಮಂಚದ ಕಡೆಗಿದ್ದ ಕಿಬ್ಲಾ ಸಂಜೆ ಬಾಗಿಲ ಕಡೆಗಿರಬಹುದು. ಮೈಸೂರಿನಲ್ಲಿ ನಾವು ಪಶ್ಚಿಮದಿಂದ ಸ್ವಲ್ಪ ಬಲಕ್ಕೆ, ವಾಯವ್ಯದತ್ತ ತಿರುಗುತ್ತೇವೆ. ದುಬೈ, ದೋಹಾದ ಕಡಲಿನಲ್ಲಿ ಪಶ್ಚಿಮದಿಂದ ಸ್ವಲ್ಪ ಎಡಕ್ಕೆ ತಿರುಗಬೇಕು. ಜನವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವ ದಿಕ್ಕಿಗೆ ಅದು ಹತ್ತಿರವೇ ಇರುತ್ತದೆ. ಬಾಲ್ಕನಿಯಿಂದ ಸೂರ್ಯನನ್ನು ನೋಡಿಕೊಂಡರೆ ಅಂದಾಜು ಸಿಗುತ್ತದೆ. ಕೋಣೆಯ ಟಿ.ವಿ.ಯಲ್ಲಿ ಹಡಗು ಸಾಗುವ ದಿಕ್ಕನ್ನು ನಕ್ಷೆಯಲ್ಲಿ ತೋರಿಸುವ ಒಂದು ಚಾನೆಲ್ ಇರುತ್ತದೆ, ಅದನ್ನೂ ನೋಡಿಕೊಳ್ಳಬಹುದು. ಹಡಗು ಬಹಳ ತೂಗುತ್ತಿದ್ದರೆ ಬೀಳುವ ಭಯವಿರುವವರು ಕುಳಿತೇ ನಮಾಝ್ ಮಾಡಬಹುದು. ಪುಟ್ಟ ಮುಸಲ್ಲಾ ಮತ್ತು ವುಝೂಗೆ ಒಂದು ಮಗ್ ಜೊತೆಗಿರಲಿ. ಹಡಗಿನ ಬಚ್ಚಲು ಇಕ್ಕಟ್ಟು, ಮಗ್ ಸಿಗುವುದಿಲ್ಲ.

ಇನ್ನು ಎಚ್ಚರಿಕೆಗಳು. ಬಾಲ್ಕನಿಯ ಬಾಗಿಲು ಮತ್ತು ಕೋಣೆಯ ಬಾಗಿಲನ್ನು ಒಟ್ಟಿಗೆ ತೆರೆದರೆ ಗಾಳಿಯ ರಭಸಕ್ಕೆ ಬಾಗಿಲು ಬಡಿದುಕೊಳ್ಳುತ್ತದೆ. ಮಕ್ಕಳ ಬೆರಳು ಸಿಕ್ಕಿದರೆ ಜಜ್ಜಿಹೋದೀತು. ಬಾಲ್ಕನಿಯ ಬಾಗಿಲು ತೆರೆದಿಟ್ಟರೆ ಅನೇಕ ಹಡಗುಗಳಲ್ಲಿ ಏ.ಸಿ. ತಾನಾಗಿ ನಿಲ್ಲುತ್ತದೆ, ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಬಟ್ಟೆ ಒಣಹಾಕಬಾರದು, ಹಾರಿಹೋಗುತ್ತದೆ. ಬಚ್ಚಲಿನಲ್ಲಿ ಎಳೆದುಕಟ್ಟುವ ದಾರ ಇರುತ್ತದೆ, ಅಲ್ಲೇ ಒಣಗಿಸಿ. ಕುರ್ಚಿಯನ್ನು ಕಂಬಿಯ ಹತ್ತಿರ ಬಿಡಬೇಡಿ, ಮಕ್ಕಳನ್ನು ಒಂಟಿಯಾಗಿ ಬಿಡಲೇಬೇಡಿ. ಗಂಡಸರ ಸಿಗರೇಟಿಗೂ ಅಲ್ಲಿ ಅವಕಾಶ ಕೊಡಬೇಡಿ. 2006ರ ಮಾರ್ಚ್‌ನಲ್ಲಿ 'ಸ್ಟಾರ್ ಪ್ರಿನ್ಸೆಸ್' ಎಂಬ ಹಡಗಿನಲ್ಲಿ ಬಾಲ್ಕನಿಯೊಂದರಿಂದ ಹಬ್ಬಿದ ಬೆಂಕಿ ನೂರಕ್ಕೂ ಹೆಚ್ಚು ಕೋಣೆಗಳಿಗೆ ಹಾನಿ ಮಾಡಿತು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಆರದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು.

ಸೂಟ್ ಯಾರಿಗೆ?

ಸೂಟ್ ಬರೀ ದುಂದು ಎಂದು ಹೇಳಲಾಗದು. ನನ್ನ ನಾದಿನಿಯ ಮಗನಿಗೆ ಆಟಿಸಂ ಇದೆ. ಗದ್ದಲ, ನೂಕುನುಗ್ಗಲು ಅವನಿಗೆ ಆಗದು. ಅವರ ಕುಟುಂಬ ಬೇರೊಂದು ಯಾನದಲ್ಲಿ ಸೂಟ್ ತೆಗೆದುಕೊಂಡಿತ್ತು. ಸೂಟ್‌ನವರಿಗೆ ಮಾತ್ರವಿದ್ದ ಸಣ್ಣ ಊಟದ ಕೋಣೆಯಲ್ಲಿ ದಿನವೂ ಅದೇ ಮೇಜು, ಅದೇ ಬಡಿಸುವವರು. ಹತ್ತುವಾಗ ಇಳಿಯುವಾಗ ಸಾಲಿಲ್ಲ. ಮಗು ಮಲಗಿದಾಗ ಉಳಿದವರು ಮಾತಾಡಿಕೊಂಡು ಕೂರಲು ಬೇರೆ ಜಾಗ. "ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಬಾರಿ ಬಿಸಿ ಊಟ ಕೂತು ಉಂಡೆ ಭಾಬಿ" ಎಂದು ನಾದಿನಿ ಹೇಳಿದಾಗ ಆ ಹಣ ಸಾರ್ಥಕವೆಂದೇ ಅನಿಸಿತು. ಕಾಯಿಲೆಯ ಹಿರಿಯರು, ಬಾಣಂತಿಯರು, ವಿಶೇಷ ಆರೈಕೆ ಬೇಕಾದ ಮಕ್ಕಳು ಇರುವ ಮನೆಗೆ ಸೂಟ್ ಒಂದು ಅನುಕೂಲ.

ತೆಗೆದುಕೊಂಡ ಮೇಲೆ ಸಂಕೋಚಪಡಬಾರದು. ಕೊಟ್ಟ ಹಣದಲ್ಲಿ ಸೇರಿರುವುದನ್ನು ಕೇಳಿ ಪಡೆಯುವುದು ದುರಾಸೆಯಲ್ಲ. ಸವಲತ್ತುಗಳ ಪಟ್ಟಿಯನ್ನು ಕಾಯ್ದಿರಿಸುವಾಗಲೇ ಬರಹದಲ್ಲಿ ಪಡೆಯಿರಿ. ಹಡಗಿನಿಂದ ಹಡಗಿಗೆ, ಸೂಟ್‌ನಿಂದ ಸೂಟ್‌ಗೆ ಅದು ಬೇರೆಯಾಗುತ್ತದೆ. ಹತ್ತಿದ ದಿನವೇ ಮಿನಿಬಾರ್‌ನಲ್ಲಿರುವ ಮದ್ಯದ ಬಾಟಲಿಗಳನ್ನು ತೆಗೆಸಿ ನೀರು, ಹಣ್ಣಿನ ರಸ ಇಡಲು ಹೇಳಿ. ಮಕ್ಕಳ ಔಷಧಿಗೂ ಆ ಪುಟ್ಟ ಫ್ರಿಜ್ ಬೇಕಾಗುತ್ತದೆ. ಸ್ವಾಗತಕ್ಕೆಂದು ಇಟ್ಟ ವೈನ್ ಬದಲು ಹಣ್ಣಿನ ಬುಟ್ಟಿ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಮದ್ಯ ಸೇರದ ಪಾನೀಯಗಳ ಅಗ್ಗದ ಯೋಜನೆ ಇದೆಯೇ ಎಂದೂ ವಿಚಾರಿಸಿ. ಬಟ್ಲರ್ ಇದ್ದರೆ ಬಟ್ಟೆ ಇಸ್ತ್ರಿ, ಕೋಣೆಗೆ ಊಟ, ಪ್ರವಾಸದ ಟಿಕೆಟ್ ಎಲ್ಲವನ್ನೂ ಅವರಿಗೇ ಹೇಳಬಹುದು. ಹೆಂಗಸರ ಕೋಣೆಗೆ ಮಹಿಳಾ ಸಿಬ್ಬಂದಿ ಸಿಗಬಹುದೇ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ದಡ ದೂರವಿದ್ದು ಸಣ್ಣ ದೋಣಿಯಲ್ಲಿ ಇಳಿಯಬೇಕಾದ ಕಡೆ ಸೂಟ್‌ನವರಿಗೆ ಮೊದಲ ಸರದಿ ಸಿಗುವುದುಂಟು. ಎಲ್ಲ ಸವಲತ್ತುಗಳಲ್ಲಿ ಹಿರಿಯರಿಗೆ ನಿಜವಾಗಿ ಉಪಯೋಗವಾಗುವುದು ಇದು. ಆದರೆ ದೋಣಿಗೆ ಹೆಜ್ಜೆಯಿಡಲು ಕಾಲಿನಲ್ಲಿ ಶಕ್ತಿ ಬೇಕು. ಅದಿಲ್ಲದವರಿಗೆ ಮೊದಲ ಸರದಿಯಿಂದಲೂ ಪ್ರಯೋಜನವಿಲ್ಲ.

ಊಟದ ಮಾತು ಕೋಣೆ ಯಾವುದಾದರೂ ಒಂದೇ. ಹಲಾಲ್ ಬೇಕೆಂದು ಕಾಯ್ದಿರಿಸುವಾಗಲೇ ಬರೆಸಿ, ಹಡಗು ಹತ್ತಿದ ದಿನ ಊಟದ ಹಾಲ್‌ನ ಮುಖ್ಯಸ್ಥರಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಖಚಿತವಾಗದಿದ್ದರೆ ಮೀನು, ತರಕಾರಿ, ಮೊಟ್ಟೆ ಇದ್ದೇ ಇದೆ.

ಹಡಗು ಖಾಲಿಯಾದಾಗ

ದೋಹಾ ಮುಟ್ಟಿದ ದಿನ ಎಲ್ಲರೂ ಸೂಕ್ ವಾಕಿಫ್ ನೋಡಲು ಇಳಿದರು. ಅಬುಧಾಬಿಯಲ್ಲಿ ಶೇಖ್ ಝಾಯಿದ್ ಮಸೀದಿಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಸುತ್ತಾಡಿದ್ದ ಅಮ್ಮಿಗೆ ಅಂದು ದಣಿವು. ನಾನು ಅವರ ಜೊತೆ ಉಳಿದೆ. ಸಾವಿರಾರು ಜನ ಇಳಿದ ಮೇಲೆ ಹಡಗಿನಲ್ಲಿ ಮೌನ. ಬಾಲ್ಕನಿಯಲ್ಲಿ ಕೂತರೆ ನೀರಿನಾಚೆ ದೋಹಾದ ಇಸ್ಲಾಮಿಕ್ ಕಲೆಯ ಮ್ಯೂಸಿಯಂ ಕಾಣುತ್ತಿತ್ತು. ಐ.ಎಂ. ಪೇ ಎಂಬ ವಾಸ್ತುಶಿಲ್ಪಿ ರೂಪಿಸಿದ, 2008ರಲ್ಲಿ ತೆರೆದ ಕಟ್ಟಡ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದಂತಿರುವ ಅದರ ಬಿಳಿ ಗೋಡೆಗಳ ಮೇಲೆ ಬಿಸಿಲು ನಿಧಾನವಾಗಿ ಜಾರುತ್ತಿತ್ತು. ಅಮ್ಮಿ ಅಂದು ತಮ್ಮ ಮದುವೆಯ ಮೊದಲ ವರ್ಷದ ಕತೆ ಹೇಳಿದರು. ನಲವತ್ತೈದು ವರ್ಷಗಳಲ್ಲಿ ನಾನು ಅದನ್ನು ಕೇಳಿರಲಿಲ್ಲ. ಮನೆಯಲ್ಲಿ ಅವರಿಗೆ ಒಲೆ, ಮೊಮ್ಮಕ್ಕಳು, ಬಂದುಹೋಗುವವರು. ಮಾತಿಗೆ ಬಿಡುವೇ ಇರಲಿಲ್ಲ.

ನಡೆಯಲಾಗದ ಹಿರಿಯರು ಜೊತೆಗಿದ್ದರೆ ಒಂದು ಬಂದರನ್ನು ಹೀಗೆ ಬಿಟ್ಟುಬಿಡಿ. ಬಾಲ್ಕನಿಗೆ ಕೊಟ್ಟ ಹಣದ ಬಹುಪಾಲು ಆ ಒಂದು ದಿನದಲ್ಲೇ ಮರಳುತ್ತದೆ.

ಬಾಲ್ಕನಿಯಿಲ್ಲದ ಹಡಗು

ಇಷ್ಟೆಲ್ಲ ಖರ್ಚು ಎಲ್ಲರಿಂದಲೂ ಆಗದು, ಆಗಬೇಕೆಂದೂ ಇಲ್ಲ. ನಮಗೆ ಹತ್ತಿರದಲ್ಲೇ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಪ್ರಯಾಣಿಕರ ಹಡಗುಗಳಿವೆ. 2008ರಲ್ಲಿ ಸೇವೆಗೆ ಬಂದ 'ಎಂ.ವಿ. ಕವರತ್ತಿ' 700 ಜನರನ್ನು ಒಯ್ಯಬಲ್ಲದು. ಅದರಲ್ಲಿ ಇಬ್ಬರ, ನಾಲ್ವರ ಕೋಣೆಗಳೂ ಇವೆ, ಸಾಲುಮಂಚಗಳೂ ಇವೆ. ಸ್ವಂತದ ಬಾಲ್ಕನಿ ಯಾರಿಗೂ ಇಲ್ಲ, ತೆರೆದ ಡೆಕ್ಕೇ ಎಲ್ಲರ ಹಿತ್ತಿಲು. ದ್ವೀಪದ ಹೆಂಗಸರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂರುತ್ತಾರೆ. 2011ರ ಜನಗಣತಿಯಂತೆ ಲಕ್ಷದ್ವೀಪದಲ್ಲಿ ಶೇಕಡಾ 96ಕ್ಕೂ ಹೆಚ್ಚು ಮುಸ್ಲಿಮರು. ಹೋಗಲು ಪ್ರವೇಶ ಪರವಾನಗಿ ಬೇಕು, ಮಳೆಗಾಲ ಇದಕ್ಕೆ ಸೂಕ್ತ ಸಮಯವಲ್ಲ.

ಈ ದ್ವೀಪಗಳಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಕಣ್ಣೂರಿನ ಅರಕ್ಕಲ್ ಬೀವಿಯ ಆಳ್ವಿಕೆಯಲ್ಲಿದ್ದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1780ರ ದಶಕದಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. ತಗಡೂರಿನವರು ಹೇಗೆ ಶ್ರೀರಂಗಪಟ್ಟಣಕ್ಕೆ ಸೇರಿದ್ದರೋ ಆ ನಡುಗಡಲಿನ ತೆಂಗಿನ ತೋಪಿನವರೂ ಹಾಗೆಯೇ ಸೇರಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಯ ಕೈಸೇರಿ, ದಕ್ಷಿಣ ಕನ್ನಡದ ಭಾಗವಾಗಿ ಮಂಗಳೂರಿನಿಂದ ಆಳಲ್ಪಟ್ಟವು. 1956ರಲ್ಲಷ್ಟೇ ಕೇಂದ್ರಾಡಳಿತಕ್ಕೆ ಬಂದವು.

ಇನ್ನೊಂದು ಕಡೆ, 2024ರ ಡಿಸೆಂಬರ್‌ನಲ್ಲಿ ಜಿದ್ದಾದಿಂದ 'ಅರೋಯಾ' ಎಂಬ ಸೌದಿ ಹಡಗು ಯಾನ ಆರಂಭಿಸಿತು. 2017ರಲ್ಲಿ 'ವರ್ಲ್ಡ್ ಡ್ರೀಮ್' ಎಂದು ಕಟ್ಟಿದ್ದ ಹಡಗನ್ನು ಅವರು ಮಾರ್ಪಡಿಸಿಕೊಂಡರು. 1,678 ಕೋಣೆಗಳ ಈ ಹಡಗನ್ನು ಮದ್ಯವಿಲ್ಲದೆ, ಹಲಾಲ್ ಊಟ, ನಮಾಝ್‌ನ ಕೋಣೆ, ಹೆಂಗಸರಿಗೆ ಪ್ರತ್ಯೇಕ ಜಾಗಗಳೊಂದಿಗೆ ನೀರಿಗಿಳಿಸಿದರು. ಒಂದು ಕಾಲದಲ್ಲಿ ನಮ್ಮ ನಾನಿಯರು ಡೆಕ್‌ನ ಮೂಲೆಯಲ್ಲಿ ಚಾದರ ಕಟ್ಟಿ ಇಳಿದ ಅದೇ ಜಿದ್ದಾ ಬಂದರು.

ಹೊರಡುವ ಮುನ್ನ

ತೋರಿಸುವ ದರ ಸಾಮಾನ್ಯವಾಗಿ ಒಬ್ಬರಿಗೆ, ಅದೂ ಕೋಣೆಯಲ್ಲಿ ಇಬ್ಬರಿದ್ದಾರೆಂಬ ಲೆಕ್ಕದಲ್ಲಿ. ಬಂದರಿನ ತೆರಿಗೆ, ಸಿಬ್ಬಂದಿಯ ದಿನದ ಟಿಪ್ಸ್, ಇಂಟರ್‌ನೆಟ್, ದಡದ ಪ್ರವಾಸ ಬೇರೆ. ಎಲ್ಲ ಕೂಡಿಸಿ ನೋಡಿದ ಮೇಲೆ ಕೋಣೆ ಆರಿಸಿ. ಬೇರೆ ದೇಶದ ಬಂದರು ಮುಟ್ಟಿ ಮರಳುವ ಯಾನವಾದರೆ ಎರಡನೇ ಬಾರಿ ಒಳಬರಲು ವೀಸಾ ಇದೆಯೇ ನೋಡಿಕೊಳ್ಳಿ. ಹಡಗು ಹೊರಡುವಾಗ ನಡೆಸುವ ಸುರಕ್ಷತಾ ಅಭ್ಯಾಸಕ್ಕೆ ಸೂಟ್‌ನವರೂ ಒಳಕೋಣೆಯವರೂ ಹೋಗಲೇಬೇಕು. ಅಲ್ಲಿ ಎಲ್ಲರೂ ಸಮಾನರು.

ಕೋಣೆ ಆರಿಸುವಾಗ ಮನೆಯ ಹೆಂಗಸರನ್ನು ಒಂದು ಮಾತು ಕೇಳಿ. "ಎಷ್ಟು ಖರ್ಚಾಗುತ್ತದೆ" ಎಂದು ಮಾತ್ರವಲ್ಲ, "ನಿಮಗೆ ಎಲ್ಲಿ ಕೂರಬೇಕೆನಿಸುತ್ತದೆ" ಎಂದು. ಬಳಸದ ಹತ್ತು ಸವಲತ್ತುಗಳಿಗೆ ಕೊಡುವ ಹಣಕ್ಕಿಂತ, ದಿನವೂ ಕೂರುವ ಒಂದು ಕುರ್ಚಿಗೆ ಕೊಡುವ ಹಣ ಮೇಲು. ಉಳಿದದ್ದನ್ನು ಮಕ್ಕಳ ಓದಿಗೋ ಹಿರಿಯರ ಉಮ್ರಾಕ್ಕೋ ಇಟ್ಟುಕೊಳ್ಳಬಹುದು.